ಮಾಸ್ತರರು ಬೆಂಚಿನ ಮೇಲೆ ಕುಳಿತಾಗ

ಕಲಿಸುವವರನ್ನೇ ಕಲಿಯಲು ಕೂರಿಸಿದರೆ ಏನಾದರೊಂದು ಆಗಿಯೇ ತೀರುತ್ತದೆ. ಅರವತ್ತರ ದಶಕದ ಒಂದು ಬೇಸಿಗೆ. ಧಾರವಾಡದ ಒಂದು ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರದ ಡೆಮಾನ್‌ಸ್ಟ್ರೇಟರ್. ಅಲ್ಲಿ ಕಾಲೇಜು ಅಧ್ಯಾಪಕರಿಗೆ ಶಿಬಿರ ನಡೆಯಿತು. ವಿಷಯ ಎರಡು: ಪಾಠ ಮಾಡುವ ಬಗೆ, ಸಂಶೋಧನಾ ಲೇಖನ ಬರೆಯುವ ಬಗೆ. ಹೇಳಿಕೊಡಲು ಮೈಸೂರಿನಿಂದ ಒಬ್ಬ ತಜ್ಞರು ಬಂದಿದ್ದರು.

ನನ್ನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ನಮ್ಮ ವಿಭಾಗದ ಮುಖ್ಯಸ್ಥರು ಮೊದಲ ದಿನವೇ ಕರೆದು ಹೇಳಿದರು:

“ಕಡೀ ದಿನ ಮಾದರಿ ಪಾಠ ನಿಂದ. ತಜ್ಞರು ಛಲೋ ಅಂದ್ರ ಖಾಯಂ. ಇಲ್ಲಂದ್ರ... ಶಿರಗುಪ್ಪಿಯೊಳಗ ನಿಮ್ಮಪ್ಪನ ಹೊಲ ಐತೆಲ್ಲ?”

“ಐತ್ರಿ.”

“ಅದೂ ಛಲೋ ಕೆಲಸನ.”

ಟಿಪ್ಪಣಿ

ಆಗ ಪಾಠವೆಂದರೆ ಟಿಪ್ಪಣಿ ಬರೆಸುವುದು. ತಜ್ಞರ ಮೊದಲ ಉಪನ್ಯಾಸ ಅದರ ವಿರುದ್ಧವೇ. “ಟಿಪ್ಪಣಿ ಬರೆಸಿದರೆ ವಿದ್ಯಾರ್ಥಿಯ ಕೈ ಕೆಲಸ ಮಾಡುತ್ತದೆ, ತಲೆ ಮಾಡುವುದಿಲ್ಲ” ಎಂದು ಆವೇಶದಿಂದ ಹೇಳಿ ತಲೆ ಎತ್ತಿದರು. ಎದುರಿಗೆ ಒಂದು ಮುಖವೂ ಕಾಣಲಿಲ್ಲ. ಎಲ್ಲರೂ ಬಗ್ಗಿ ಬರೆಯುತ್ತಿದ್ದರು.

“‘ಕೈ ಕೆಲಸ ಮಾಡುತ್ತದೆ’, ಆಮ್ಯಾಲೆ ಏನಂದ್ರಿ ಸರ್? ಸ್ವಲ್ಪ ಸಾವಕಾಶ ಹೇಳ್ರಿ” ಎಂದರು ಇತಿಹಾಸದವರು.

ತಜ್ಞರು ಚಾಕ್ ಕೆಳಗಿಟ್ಟರು. “ದಯವಿಟ್ಟು ಬರೆದುಕೊಳ್ಳಬೇಡಿ.”

ಎಲ್ಲರೂ ಅದನ್ನೂ ಬರೆದುಕೊಂಡರು.

ಮುಂದಿನ ಬೆಂಚು

ವಿದ್ಯಾರ್ಥಿಗಳು ಹಿಂದಿನ ಬೆಂಚಿಗೆ ಓಡುತ್ತಾರೆಂದು ವರ್ಷವಿಡೀ ಬೈಯುವವರೆಲ್ಲ ಶಿಬಿರಕ್ಕೆ ಬೇಗ ಬಂದು ಹಿಂದಿನ ಬೆಂಚು ಹಿಡಿದರು. ತಡವಾಗಿ ಬಂದ ಪ್ರಾಂಶುಪಾಲರಿಗೆ ಮುಂದಿನದೇ ಗತಿಯಾಯಿತು. ಮರುದಿನ ಅವರು ಎಲ್ಲರಿಗಿಂತ ಮೊದಲು ಬಂದಿದ್ದರು. ಶಿಸ್ತು ಎಂದುಕೊಂಡೆವು. ನೋಡಿದರೆ ಹಿಂದಿನ ಮೂಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದರು.

ಯಾರ ಹೆಸರು ಮೊದಲು?

ಲೇಖನದ ಅಭ್ಯಾಸಕ್ಕೆ ನಾಲ್ವರ ಗುಂಪುಗಳಾದವು. ನಮ್ಮ ಗುಂಪಿನ ವಿಷಯ ಬಾವಿ ನೀರಿನ ಗಡಸುತನ. ಕುಳಿತೊಡನೆ ಪ್ರಶ್ನೆ ಬಂತು: ಲೇಖಕರಲ್ಲಿ ಯಾರ ಹೆಸರು ಮೊದಲು? ಒಬ್ಬರು ವಯಸ್ಸಿನಲ್ಲಿ ಹಿರಿಯರು, ಇನ್ನೊಬ್ಬರು ಸೇವೆಯಲ್ಲಿ, ಮೂರನೆಯವರಿಗೆ ಡಾಕ್ಟರೇಟ್. ನನ್ನದು ಕೊನೆಗೆ ಎಂಬುದರಲ್ಲಿ ಮಾತ್ರ ಒಮ್ಮತವಿತ್ತು. ಪ್ರತಿಯೊಬ್ಬರೂ “ನಿಮ್ದ ಮೊದ್ಲ ಇರ್ಲಿ ಬಿಡ್ರಿ” ಎನ್ನುವರು. ಹಾಗೆಯೇ ಬರೆದರೆ ಮುಖ ಸಣ್ಣದು ಮಾಡುವರು. ಸಂಜೆಗೆ ಕೈವಾರದಿಂದ ಒಂದು ವೃತ್ತ ಎಳೆದು, ಹೆಸರುಗಳನ್ನು ಅದರ ಸುತ್ತ ಬರೆದೆವು.

ತಜ್ಞರು ಹಾಳೆಯನ್ನು ತಿರುಗಿಸಿ ತಿರುಗಿಸಿ ಓದಿದರು. “ಹೆಸರುಗಳೇನೋ ಸೊಗಸಾಗಿವೆ. ಲೇಖನ ಎಲ್ಲಿ?”

“ಅದೇನ್ ದೊಡ್ಡದ್ರಿ? ನಾಳೆ ಬರದ್ರಾತು. ಕಠಿಣ ಭಾಗ ಮುಗೀತಲ್ಲ” ಎಂದರು ನಮ್ಮ ಹಿರಿಯರು.

ಮಾದರಿ ಪಾಠ

ಕೊನೆಯ ದಿನ ಬಂತು. ನನ್ನ ಪಾಠ ಆಮ್ಲಜನಕದ ತಯಾರಿಕೆ. ಅಧ್ಯಾಪಕರೆಲ್ಲ ವಿದ್ಯಾರ್ಥಿಗಳಂತೆ ಕುಳಿತರು. ತಜ್ಞರ ನಿಯಮ ಒಂದೇ: ಪ್ರಶ್ನೆ ಕೇಳಿದ ಮೇಲೆ ಕಾಯಬೇಕು, ಉತ್ತರವನ್ನು ಮಾಸ್ತರ ತಾನೇ ಕೊಡಕೂಡದು. ನನಗಿಂತ ಮೊದಲು ಪಾಠ ಮಾಡಿದವರೆಲ್ಲ ಉತ್ತರವನ್ನು ತಾವೇ ಹೇಳಿ ಮುಗಿಸಿದ್ದರು.

ರಾಸಾಯನಿಕ ತುಂಬಿದ ಗಾಜಿನ ನಳಿಗೆಯನ್ನು ದೀಪದಿಂದ ಕಾಯಿಸಿದೆ. ಅದರಿಂದ ಹೊರಟ ಕೊಳವೆಯ ತುದಿ ನೀರಿನ ತೊಟ್ಟಿಯಲ್ಲಿತ್ತು. ಅನಿಲ ಬಂತು, ಜಾಡಿ ತುಂಬಿತು. ಮೊದಲು ಕೊಳವೆಯನ್ನು ನೀರಿನಿಂದ ತೆಗೆಯಬೇಕು, ಆಮೇಲೆ ದೀಪ. ಇಲ್ಲವಾದರೆ ನೀರು ಹಿಂದಕ್ಕೇರಿ ಕಾದ ನಳಿಗೆ ಒಡೆಯುತ್ತದೆ. ಯಾರಾದರೂ ಕೂಡಲೇ ತಡೆಯುತ್ತಾರೆಂದು ನಂಬಿ, ಬೇಕೆಂದೇ ದೀಪವನ್ನು ಮೊದಲು ತೆಗೆದು ಕೇಳಿದೆ: “ನಾನು ಮಾಡಿದ ತಪ್ಪೇನು?”

ಹುಬ್ಬಳ್ಳಿಯಿಂದ ಬಂದಿದ್ದ ಸಸ್ಯಶಾಸ್ತ್ರದ ಪ್ರೊಫೆಸರು ಅರ್ಧ ಕೈ ಎತ್ತಿದರು. ಪಕ್ಕದಲ್ಲಿ ನಮ್ಮ ಕಾಲೇಜಿನ ವೃದ್ಧ ಸಂಸ್ಕೃತ ಪ್ರೊಫೆಸರನ್ನು ಕಂಡು ಇಳಿಸಿದರು.

“ಹಿರಿಯರು ತಾವಿರಬೇಕಾದ್ರ ನಾ ಹೆಂಗ ಹೇಳ್ಲಿ? ತಾವ ಹೇಳ್ರಿ.”

“ಛೇ ಛೇ, ನಾವು ಮನಿಯವ್ರು. ಬಂದವ್ರು ಮೊದ್ಲ ಹೇಳಬೇಕು.”

ಕೊಳವೆಯಲ್ಲಿ ನೀರು ಏರತೊಡಗಿತು.

“ಎಲ್ಲೆರ ಉಂಟೇನ್ರಿ? ತಾವ ಹೇಳ್ರಿ.”

“ನಿಮ್ಮದು ವಿಜ್ಞಾನ, ನಂದು ವ್ಯಾಕರಣ. ನೀವ ಹೇಳ್ರಿ.”

ನನ್ನ ಕೈ ಕೊಳವೆಯತ್ತ ಹೋಯಿತು. ಮುಟ್ಟಿದರೆ ನಾನೇ ಉತ್ತರ ಕೊಟ್ಟಂತೆ. ತಜ್ಞರು ನೆಟ್ಟ ಕಣ್ಣಿನಿಂದ ನೋಡುತ್ತಿದ್ದರು. ಕೈ ಹಿಂದೆ ಕಟ್ಟಿಕೊಂಡೆ. ಮುಖ್ಯಸ್ಥರು ಬೆಂಚಿನಿಂದಲೇ “ಯಾರರ ಲಗೂ ಹೇಳ್ರೋ!” ಎಂದು ಗೋಗರೆದರು. ನೀರು ಕೊಳವೆಯ ತಿರುವು ದಾಟಿತು.

ಫಟ್! ನಳಿಗೆ ಒಡೆಯಿತು. ಶಿರಗುಪ್ಪಿಯ ಹೊಲ ನನ್ನ ಕಣ್ಣ ಮುಂದೆ ಬಂತು.

ತಜ್ಞರು ಎದ್ದು ಮುಖ್ಯಸ್ಥರಿಗೆ ಹೇಳಿದರು: “ಈ ಹುಡುಗನನ್ನು ಬಿಡಬೇಡಿ. ಉತ್ತರವನ್ನು ತಾನೇ ಹೇಳದೆ ಕಾದ ಮೇಷ್ಟ್ರು ಇಡೀ ಶಿಬಿರದಲ್ಲಿ ಇವನೊಬ್ಬನೇ.”

“ಖಾಯಂ ಮಾಡತೇವ್ರಿ” ಎಂದರು ಮುಖ್ಯಸ್ಥರು, ಬೆವರು ಒರೆಸಿಕೊಳ್ಳುತ್ತ.

“ಆದರೆ ಇಷ್ಟು ಜನರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲವಲ್ಲ?” ಎಂದರು ತಜ್ಞರು.

ಸಂಸ್ಕೃತದವರು ನಿಧಾನವಾಗಿ ಎದ್ದು ನಿಂತರು. “ಹೇಳವ್ರ ಇದ್ವಿರಿ. ಆದ್ರ ಆ ನಳಿಗಿ ನನಗಿಂತ ಮೊದ್ಲ ಈ ಕಾಲೇಜಿಗೆ ಬಂದದ್ದು. ಅಂಥಾ ಹಿರೇರನ್ನ ಬಿಟ್ಟು ನಾವು ಹೆಂಗ ಮೊದ್ಲ ಹೇಳೂದ್ರಿ?”