ಆರತಿಯ ಬಗ್ಗೆ ಹನ್ನೊಂದು ಮನೆಗಳ ಅಭಿಪ್ರಾಯ

ಜನರ ಮನಸ್ಸಿನಲ್ಲಿ ಏನಿದೆಯೆಂದು ತಿಳಿಯಬೇಕಾದರೆ ಅವರನ್ನೇ ಕೇಳಬೇಕು, ಕೇಳಿದ್ದನ್ನು ಗೆರೆ ಹಾಕಿದ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಅಂಕಿಸಂಖ್ಯೆ ಇಲಾಖೆಯಲ್ಲಿ ನೌಕರಿ ಮುಗಿಸಿ ನಿವೃತ್ತನಾದ ನನಗೆ ಇದರಲ್ಲಿ ಯಾವತ್ತೂ ಅನುಮಾನ ಬಂದದ್ದಿಲ್ಲ. ಬೆಳಗಿನ ತಿಂಡಿ ದೋಸೆಯೋ ಅವಲಕ್ಕಿಯೋ ಎಂಬುದನ್ನೂ ನಾನು ಮನೆಯವರ ಕೈ ಎತ್ತಿಸಿಯೇ ತೀರ್ಮಾನಿಸುತ್ತೇನೆ. ಅವಲಕ್ಕಿ ಗೆದ್ದ ದಿನವೂ ಹೆಂಡತಿ ದೋಸೆಯನ್ನೇ ಎರೆಯುತ್ತಾಳೆ. ಅದು ಬೇರೆ ಮಾತು.

ಮೊನ್ನೆ ಮೊಮ್ಮಗಳು ಸಿಂಧುವಿನ ಮದುವೆ ಗೊತ್ತಾಯಿತು. ಆರತಿಯನ್ನು ಭಾಗಜ್ಜಿಯೇ ಎತ್ತಬೇಕೆಂದು ಅವಳ ಹಟ. ಭಾಗಜ್ಜಿ ಎಂದರೆ ನನ್ನ ತಂಗಿ ಭಾಗೀರಥಿ. ಗಂಡ ತೀರಿಕೊಂಡ ಮೇಲೆ ಶಿರಸಿಯ ನಮ್ಮ ಮನೆಗೆ ಬಂದವಳು, ಸಿಂಧುವನ್ನು ಎತ್ತಿ ಆಡಿಸಿದವಳು. ಆರತಿ ಮುತ್ತೈದೆಯರಿಗೆ ಮಾತ್ರ ಎಂಬುದು ರೂಢಿ. ತಂಗಿಗೆ ಆಸೆಯಿದ್ದದ್ದು ಮುಖದಲ್ಲೇ ಕಾಣುತ್ತಿತ್ತು. ಆದರೂ, "ನೆಂಟರಿಗೆಲ್ಲ ಅಡ್ಡಿ ಇಲ್ಲೆ ಅಂದ್ರೆ ಮಾತ್ರ ಆನು ಎತ್ತದು, ಅಣ್ಣಯ್ಯ. ಯಾರಾದ್ರೂ ಮೋರೆ ತಿರುಗಿಸಿದ್ರೆ ಕೂಸಿಗೆ ಬೇಜಾರು" ಎಂದಳು.

ಇಂಥ ಕೆಲಸಕ್ಕೆ ನನಗಿಂತ ಯೋಗ್ಯರು ಯಾರು? ಎರಡು ಪ್ರಶ್ನೆ ಸಿದ್ಧಪಡಿಸಿದೆ. ನಿಮಗೆ ಅಡ್ಡಿ ಇದೆಯೇ? ಬೇರೆಯವರಿಗೆ ಅಡ್ಡಿಯಾದೀತೇ? ಹನ್ನೊಂದು ಮನೆ, ನಾಲ್ಕು ದಿನ. ಬೆಳಿಗ್ಗೆ ಎಂಟೂಕಾಲರ ಬಸ್ಸು, ಮಧ್ಯಾಹ್ನ ಊಟಕ್ಕೆ ನಿಲ್ಲುವುದಿಲ್ಲ. ಊಟ ಹಾಕಿದವರ ಅಭಿಪ್ರಾಯವನ್ನು ನಿಷ್ಪಕ್ಷಪಾತವಾಗಿ ಬರೆಯುವುದು ಕಷ್ಟ.

ಕೋಲಸಿರ್ಸಿಯ ಸುಬ್ರಾಯ ಭಾವ, "ಹೆಸರು ಬರಿತ್ಯಾ?" ಎಂದು ಮೊದಲೇ ವಿಚಾರಿಸಿದ. ಇಲ್ಲವೆಂದ ಕೂಡಲೇ ಉದಾರಿಯಾದ. "ಎಂಗೆ ಎಂತದೂ ಅಡ್ಡಿ ಇಲ್ಲೆ ಮಾರಾಯ. ಕಾಲ ಬದಲಾಜು. ಆದ್ರೆ ದೊಡ್ಮನೆಯವ್ವು ಸುಮ್ನಿರ್ತ್ವಿಲ್ಲೆ." ದೊಡ್ಮನೆಗೆ ಹೋದರೆ ಅಲ್ಲಿಯೂ ಯಾರಿಗೂ ಅಡ್ಡಿಯಿಲ್ಲ. "ಆದ್ರೆ ಆ ಸುಬ್ರಾಯ ಭಾವಂದೇ ಹೆದರಿಕೆ" ಎಂದರು. ಹತ್ತು ಮನೆ ಮುಗಿಯುವಷ್ಟರಲ್ಲಿ ನನ್ನ ಪುಸ್ತಕದಲ್ಲಿ ಮೊದಲ ಪ್ರಶ್ನೆಗೆ ಹತ್ತೂ ಜನ 'ಇಲ್ಲ', ಎರಡನೆಯದಕ್ಕೆ ಹತ್ತೂ ಜನ 'ಹೌದು'. ಅಡ್ಡಿ ಮಾಡುವವರು ಸುತ್ತಮುತ್ತ ತುಂಬಿದ್ದಾರೆ, ಆದರೆ ಯಾರ ಮನೆಯಲ್ಲೂ ವಾಸವಿಲ್ಲ. ಇಂಥ ಫಲಿತಾಂಶ ನನ್ನ ಇಡೀ ನೌಕರಿಯಲ್ಲಿ ಬಂದಿರಲಿಲ್ಲ.

ಹನ್ನೊಂದನೆಯ ಮನೆ ಯಲ್ಲಾಪುರದ ಗಂಗಕ್ಕನದು. ದೊಡ್ಡಪ್ಪನ ಮಗಳು, ನನಗಿಂತ ನಾಲ್ಕು ವರ್ಷ ದೊಡ್ಡವಳು. ನನ್ನ ಪುಸ್ತಕವನ್ನು ಮಡಚಿ ಪಕ್ಕಕ್ಕಿಟ್ಟಳು.

"ಅಡ್ಡಿ ಯಾರದ್ದು ಹೇಳಿ ಕೇಳ್ತ್ಯಾ ತಮಾ? ನಿಂದೇಯ. ನಿನ್ನ ಮಗನ ಮದುವೇಲಿ ಭಾಗೀರಥಿ ಆರತಿ ಸಾಲಿಗೆ ಬಂದು ನಿಂತಿತ್ತು. 'ಸ್ವಲ್ಪ ಹಿಂದೆ ನಿಲ್ಲು' ಹೇಳಿದವ ಯಾರು? ಬೇರೆಯವ್ರಿಗೆ ಅಡ್ಡಿ ಅಂದ್ರೆ, ನಿಂಗೆ ಅಡ್ಡಿ ಹೇಳಿಯೇ ಎಲ್ಲರ ಅರ್ಥ. ನಿನ್ನ ಎದುರಿಗೆ ಹೇಳ್ತ್ವಿಲ್ಲೆ ಅಷ್ಟೆ."

ಸಾಲು ನೆಟ್ಟಗಿರಲೆಂದು ಹಾಗೆ ಹೇಳಿದ್ದೆ ಎಂದು ಇಲ್ಲಿ ಬರೆಯಲು ಆಸೆಯಾಗುತ್ತದೆ. ಆದರೆ ಸಾಲು ನೆಟ್ಟಗೇ ಇತ್ತು.

ಸಂಜೆ ಮನೆಗೆ ಬಂದಾಗ ತಂಗಿ ಬಾಗಿಲಲ್ಲೇ ಕಾದಿದ್ದಳು. "ಎಂತ ಹೇಳಿದ್ವು?"

"ಹನ್ನೊಂದು ಮನೆಯವರಿಗೂ ಅಡ್ಡಿ ಇಲ್ಲೆ."

"ಹನ್ನೆರಡನೇದು?"

ಪ್ರಶ್ನೆ ಕೇಳುವವನ ಮನೆಯನ್ನು ಲೆಕ್ಕಕ್ಕೆ ಹಿಡಿಯುವ ಪದ್ಧತಿಯಿಲ್ಲವೆಂದು ವಿವರಿಸಬಹುದಿತ್ತು. ಅವಳು ಕಣ್ಣು ಕದಲಿಸದೆ ನೋಡುತ್ತಿದ್ದಳು. "ಎಂಗೆ ಎಂತದೂ ಅಡ್ಡಿ ಇಲ್ಲೆ," ಎಂದೆ. ನಾಲ್ಕು ದಿನ ಕೇಳಿ ಕೇಳಿ ರೂಢಿಯಾಗಿತ್ತೋ, ಅಥವಾ ಮೊದಲಿನಿಂದಲೂ ನನ್ನದೇ ಮಾತಾಗಿತ್ತೋ, ನಾಲಿಗೆ ತಾನಾಗಿ ಮುಂದುವರಿಯಿತು. "ಆದ್ರೆ..."

"ಆದ್ರೆ ಎಂತ?"

"ಆದ್ರೆ ಆರತಿ ಹರಿವಾಣ ಭಾರ ಇದ್ದು. ಎರಡೂ ಕೈಯಲ್ಲಿ ಹಿಡಿ."