ಸ್ಟ್ಯಾಂಡ್ ಇಲ್ಲದ ಸೈಕಲ್ಲು

ಹೆಂಡತಿಗೆ ಒಂದೂ ಸುಳ್ಳು ಹೇಳದ ಗಂಡ ಯಾವ ಊರಲ್ಲೂ ಸಿಗುವುದಿಲ್ಲ, ಸಿಂದಗಿಯಲ್ಲಂತೂ ಹುಡುಕುವುದೇ ಬೇಡ. ಆದರೆ ಕಾಳಿನ ವ್ಯಾಪಾರಿ ಬಸಂತರಾಯ ಹೇಳಿದ್ದು ತೀರ ಚಿಕ್ಕ ಸುಳ್ಳು. ಹೊಸ ಸೈಕಲ್ಲಿನ ಬೆಲೆ ಹೇಳುವಾಗ ಕೊನೆಯದೊಂದು ಸೊನ್ನೆ ನುಂಗಿದ, ಅಷ್ಟೆ. ಸೊನ್ನೆಗೆ ಬೆಲೆ ಇಲ್ಲವೆಂದು ಸಾಲೆಯಲ್ಲಿ ಮಾಸ್ತರರೇ ಕಲಿಸಿದ್ದರು. (ಮಾಸ್ತರರೂ ಸಂಸಾರಸ್ಥರು, ಅನುಭವದಿಂದಲೇ ಹೇಳಿರಬೇಕು.) ಹೀಗಾಗಿ ಒಂದು ಲಕ್ಷ ನಲವತ್ತು ಸಾವಿರದ, ಕಬ್ಬಿಣದ ಬದಲು ಹಗುರ ಕಾರ್ಬನ್ನಿನ ಸೈಕಲ್ಲು ವಿದ್ಯಾವತಿಯ ಕಿವಿಗೆ ಹದಿನಾಲ್ಕು ಸಾವಿರವಾಗಿ ಬಿತ್ತು.

ಅಷ್ಟಕ್ಕೇ ಆಕೆ ಸೊಂಟದ ಮೇಲೆ ಕೈಯಿಟ್ಟಳು. "ಹದಿನಾಲ್ಕ ಸಾವಿರಾ? ಗಂಟಿ ಇಲ್ಲ, ಸ್ಟ್ಯಾಂಡ್ ಇಲ್ಲ, ಹಿಂದ ಕ್ಯಾರಿಯರ್ ಇಲ್ಲ. ಉಳದದ್ದು ಮುಂದಿನ ತಿಂಗಳ ಕಳಸ್ತಾರೇನ್ರಿ?"

"ಅವೆಲ್ಲಾ ವಜ್ಜಿ ಆಗ್ತಾವ. ವಜ್ಜಿ ಇದ್ರ ಸೈಕಲ್ ಓಡಂಗಿಲ್ಲ."

"ಹಂಗಾದ್ರ ಮೊದಲ ಅದರ ಮ್ಯಾಲಿಂದ ನೀವು ಇಳೀರಿ."

ಇದಕ್ಕೆಲ್ಲ ಮೂಲ ಚೇತನಕುಮಾರ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ಮನುಷ್ಯ. (ಹುಡುಗರಿಗೆ ಉಳಿತಾಯದ ಪಾಠ ಇವನೇ ಮಾಡುತ್ತಾನಂತೆ, ಶಿವನೇ ಕಾಪಾಡಬೇಕು.) ಡಾಕ್ಟರು ಹೊಟ್ಟೆ ಇಳಿಸಿರೆಂದು ಹೇಳಿದ ದಿನವೇ ಬಸಂತರಾಯ ಇವನ ಕೈಗೆ ಸಿಕ್ಕ. "ಸೈಕಲ್ ಒಂದ ತಗೋರಿ ಸಾವ್ಕಾರ್ರ, ಮುಂದ ಏನೂ ಖರ್ಚಿಲ್ಲ" ಎಂದ. ದೆವ್ವಕ್ಕೆ ಬಾಗಿಲು ತೆರೆದವರಿಗೂ ದೆವ್ವ ಹೀಗೆಯೇ ಹೇಳುತ್ತದೆ.

ಸೈಕಲ್ಲು ಬಂದ ಮೇಲೆ ತಲೆಗೆ ಟೊಪ್ಪಿಗೆ ಬೇಕಾಯಿತು. ಟೊಪ್ಪಿಗೆ ಬಂದ ಮೇಲೆ ಕಣ್ಣಿಗೆ ಕಾಮನಬಿಲ್ಲಿನ ಬಣ್ಣದ ಕನ್ನಡಕ ಬೇಕಾಯಿತು. ಆಮೇಲೆ ಪೆಡಲಿಗೆ ಕೀಲಿ ಹಾಕಿಕೊಂಡಂತೆ ಅಂಟಿ ಕೂಡುವ ಬೂಟು ಬಂತು. ಅದನ್ನು ಹಾಕಿಕೊಂಡ ಮೊದಲ ದಿನವೇ ಬಸ್‌ಸ್ಟ್ಯಾಂಡಿನ ಮುಂದೆ ಬ್ರೇಕ್ ಒತ್ತಿದವನು ಕಾಲು ಬಿಡಿಸಿಕೊಳ್ಳುವ ಯುಕ್ತಿ ಮರೆತು, ನಿಂತಲ್ಲೇ ನಿಂತು, ಜೋಳದ ಚೀಲ ವಾಲಿದಂತೆ ಸಾವಕಾಶವಾಗಿ ಎಡಕ್ಕೆ ಬಿದ್ದ. ಕಲಬುರಗಿ ಬಸ್ಸಿನ ಮಂದಿಯೆಲ್ಲ ಕಿಟಕಿಯಿಂದ ಇಣುಕಿದರು. "ಎಲ್ಲಾರೂ ಒಮ್ಮೆ ಬೀಳೂದ ಐತ್ರಿ, ದೀಕ್ಷಾ ಆದಂಗ" ಎಂದು ಜೊತೆಗಿದ್ದ ಚೇತನಕುಮಾರ ತನ್ನ ಸೈಕಲ್ಲಿನಿಂದ ಇಳಿದು ಕೈಕುಲುಕಿದ. ಬಸಂತರಾಯನಿಗೆ ಮೊಣಕೈ ಉರಿಯುತ್ತಿದ್ದರೂ ಎದೆ ಉಬ್ಬಿತು.

ಇನ್ನು ಆ ಚಡ್ಡಿ! ತೊಡೆಗೆ ಬಿಗಿಯಾಗಿ ಅಂಟಿ, ಹಿಂಭಾಗದಲ್ಲಿ ಅಂಗೈ ದಪ್ಪದ ಗಾದಿ ಹೊಲಿದ ಚಡ್ಡಿ. ವಿದ್ಯಾವತಿ ಅದನ್ನು ಒಗೆದು ಹಗ್ಗಕ್ಕೆ ಹಾಕಿದಾಗ ಪಕ್ಕದ ಮನೆಯ ನಜಮಾ ಕಂಪೌಂಡಿನ ಆಚೆಯಿಂದ ನೋಡಿ ನೋಡಿ, ತಡೆಯಲಾಗದೆ ಕೇಳಿಯೇಬಿಟ್ಟಳು. "ವಿದ್ಯಕ್ಕಾ, ನಿಮ್ಮ ಮನಿಗೆ ಕೂಸ ಯಾರದರ ಬಂದೇತೇನ್ರಿ? ಭಾಳ ದೊಡ್ಡ ಕೂಸ ಕಾಣ್ತೈತಿ."

"ಹೌದವಾ, ನಲವತ್ತೆಂಟ ವರ್ಷದ್ದು. ಇನ್ನಾ ಹಲ್ಲ ಬಂದಿಲ್ಲ, ಬುದ್ಧಿನೂ ಬಂದಿಲ್ಲ" ಎಂದಳು ವಿದ್ಯಾವತಿ.

ಅಂಗಡಿಯ ಕಥೆಯೂ ಅಷ್ಟೆ. ರೈತರು ತೊಗರಿಯ ಮಾದರಿ ಹಿಡಿದು ಕಾಯುತ್ತಿದ್ದರೆ ಸಾಹುಕಾರರು ತಕ್ಕಡಿಯಲ್ಲಿ ನೀರಿನ ಬಾಟಲಿ ತೂಗುತ್ತಿದ್ದರು. ಹಳೆಯ ಸೀಟಿಗಿಂತ ಹೊಸ ಸೀಟು ಒಂದು ಹಿಡಿ ಅವಲಕ್ಕಿಯಷ್ಟು ಹಗುರವೆಂದು ತಿಳಿದಾಗ ಕುಣಿದಾಡಿ, ಎಲ್ಲರಿಗೂ ಚಹಾ ಹೇಳಿದರು. ಭಾನುವಾರ ಬಂತೆಂದರೆ ಸವಾರಿ. ಒಂದು ವಾರ ಬಸವನ ಬಾಗೇವಾಡಿ, ಇನ್ನೊಂದು ವಾರ ಮುದ್ದೇಬಿಹಾಳ. ಹೋದಲ್ಲಿ ಸುಸಲಾ, ಮಿರ್ಚಿ ಭಜಿ, ಮತ್ತೊಂದು ಪ್ಲೇಟ್ ಮಿರ್ಚಿ ಭಜಿ. ಮುದ್ದೇಬಿಹಾಳದಿಂದ ಮರಳಿ ಬರುವಾಗ ಸೈಕಲ್ಲೂ ಸಾಹುಕಾರರೂ ಟಂಟಂ ರಿಕ್ಷಾದಲ್ಲಿ ಬರುತ್ತಿದ್ದರು. ಸೈಕಲ್ಲು ದಿನದಿನಕ್ಕೆ ಹಗುರವಾಯಿತು. ಹೊಟ್ಟೆ ಮಾತ್ರ ಇದ್ದಲ್ಲೇ ಇತ್ತು.

ಕೊನೆಗೆ ಬಸಂತರಾಯ ಬಚ್ಚಲಲ್ಲಿ ಕೂತು ಕಾಲಿನ ಕೂದಲನ್ನೆಲ್ಲ ಬೋಳಿಸಿಕೊಂಡು ಬಂದ. ಗಾಳಿಗೆ ತಡೆಯಾಗಬಾರದೆಂದು ಚೇತನಕುಮಾರ ಹೇಳಿದ್ದನಂತೆ.

"ಗಾಳಿಗೆ ಇಷ್ಟ ದೊಡ್ಡ ಹೊಟ್ಟಿ ಕಾಣಲಿಲ್ಲ, ಕಾಲಾನ ಕೂದಲಾ ಕಂಡೂವೇನ್ರಿ?" ಎಂದು ವಿದ್ಯಾವತಿ ಹಣೆ ಬಡಿದುಕೊಂಡಳು.

ಹೀಗಿರುವಾಗ ಅಧಿಕ ಮಾಸ ಬಂತು. ನಮ್ಮ ಕಡೆ ಅಧಿಕ ಮಾಸವೆಂದರೆ ಅಳಿಯಂದಿರ ಸುಗ್ಗಿ. ಅತ್ತೆಯ ಮನೆಗೆ ಕರೆಸಿ, ಕಾಲಿಗೆ ನೀರು ಕೊಟ್ಟು, ಹೋಳಿಗೆಯ ಮೇಲೆ ತುಪ್ಪ ಹೊಯ್ದು, ಉಡುಗೊರೆ ಕೈಯಲ್ಲಿಟ್ಟು ಕಳಿಸಬೇಕು. ಇಂಡಿಯಲ್ಲಿದ್ದ ಅತ್ತೆ ಹೊನ್ನವ್ವ ಅಳಿಯನಿಗೆ ಉಂಗುರ ಮಾಡಿಸಿಟ್ಟಿದ್ದಳು. ಹೋಳಿಗೆಯ ಕೆಲಸಕ್ಕೆಂದು ವಿದ್ಯಾವತಿ ಮೊದಲೇ ಬಸ್ಸು ಹತ್ತಿ ತವರಿಗೆ ಹೋದಳು. ಹೋಗುವಾಗ ಹೇಳಿದ್ದು ಒಂದೇ ಮಾತು: "ಕಾರ್ ತಗೊಂಡ ಬರ್ರಿ. ಮಂದಿ ಹಾಕ್ಕೊಳ್ಳೂವಂಥಾ ಅರಬಿ ಹಾಕ್ಕೊಂಡ ಬರ್ರಿ."

ಅದು ಒಂದೇ ಮಾತಲ್ಲ, ಎರಡಾಯಿತು. ಬಸಂತರಾಯ ಎರಡನ್ನೂ ಕೇಳಲಿಲ್ಲ. ಸಿಂದಗಿಯಿಂದ ಇಂಡಿಗೆ ಸೈಕಲ್ಲಿನ ಮೇಲೆ ಹೋಗಿ ಅತ್ತೆಯ ಮನೆಯ ಮುಂದೆ ಗಕ್ಕನೆ ನಿಂತರೆ ಹೇಗಿದ್ದೀತು! ಓಣಿಯೆಲ್ಲ ಬಾಯಿ ಬಿಟ್ಟು ನೋಡೀತು! ಆ ಚಿತ್ರ ಕಣ್ಣಿಗೆ ಕಟ್ಟಿದ್ದೇ ತಡ, ನಸುಕಿನಲ್ಲೇ ಹೊರಟ.

ದಾರಿಯುದ್ದಕ್ಕೂ ಎದುರುಗಾಳಿ. ಬೋಳು ಕಾಲಿನಿಂದ ಏನೂ ಉಪಯೋಗವಾಗಲಿಲ್ಲ. ಅರ್ಧ ದಾರಿಯಲ್ಲಿ, ಇವನ ಅಂಗಡಿಗೇ ತೊಗರಿ ತರುವ ಮಾನಪ್ಪ ಟ್ರ್ಯಾಕ್ಟರಿನಲ್ಲಿ ಸಮೀಪ ಬಂದು ವೇಗ ತಗ್ಗಿಸಿದ.

"ಸಾವ್ಕಾರ್ರ! ಕಾರ್ ಏನಾತ್ರಿ?"

"ಕಾರ್... ಮನ್ಯಾಗ... ಐತಿ" ಎಂದ ಬಸಂತರಾಯ, ಏದುಸಿರಿನಲ್ಲಿ.

"ಹೌದ್ರಿ, ಹೌದ್ರಿ" ಎಂದ ಮಾನಪ್ಪ, ಜ್ವರದಲ್ಲಿ ಬಡಬಡಿಸುವವರನ್ನು ಸಮಾಧಾನ ಮಾಡುವ ದನಿಯಲ್ಲಿ. "ಟ್ರೇಲರ್‌ನ್ಯಾಗ ಕಣಿಕಿ ಐತ್ರಿ, ಮೆತ್ತಗ ಐತಿ, ಬಂದ ಕುಂಡ್ರಿ. ಯಾರಿಗೂ ಹೇಳಂಗಿಲ್ಲ ನಾ." ಬಸಂತರಾಯ ಹಲ್ಲು ಕಚ್ಚಿ ಪೆಡಲು ತುಳಿದ.

ಇಂಡಿಯಲ್ಲಿ ಹೊನ್ನವ್ವ ತಂಬಿಗೆ ನೀರು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಕಾರು ಬರುವ ದಿಕ್ಕನ್ನೇ ನೋಡುತ್ತಿದ್ದವಳ ಮುಂದೆ ಅಳಿಯ ಸೈಕಲ್ಲಿನಿಂದ ಇಳಿದ, ಅಥವಾ ಸೈಕಲ್ಲೇ ಅವನನ್ನು ಇಳಿಸಿತು. ಮೈಗೆ ಅಂಟಿದ ಅಂಗಿ, ತುಂಡು ಚಡ್ಡಿ, ಒಣಗಿದ ತುಟಿ. ಸ್ಟ್ಯಾಂಡೂ ಇಲ್ಲದ ಸೈಕಲ್ಲನ್ನು ಗೋಡೆಗೆ ಒರಗಿಸಬೇಕಾಯಿತು. ಹೊನ್ನವ್ವ ಕಾಲಿಗೆ ನೀರು ಹಾಕಲು ಬಗ್ಗಿದವಳು ಆ ಬೋಳು ಕಾಲು ನೋಡಿ ತಂಬಿಗೆಯನ್ನು ಅಲ್ಲೇ ಬಿಟ್ಟು ಒಳಗೆ ಮಗನ ಬಳಿಗೆ ಓಡಿದಳು.

"ಅಮಿತಾ, ನಿಮ್ಮ ಮಾಮಾ ಮುಳಗ್ಯಾರೋ! ಕಾರ್ ಮಾರ್ಯಾರ, ಅರಬಿ ತಗೊಳ್ಳಾಕೂ ಗತಿ ಇಲ್ಲ, ಯಾರದೋ ಸಣ್ಣ ಹುಡುಗನ ಅಂಗಿ ಹಾಕ್ಕೊಂಡ ಬಂದಾರ. ಚಿಂತಿ ಮಾಡಿ ಮಾಡಿ ಕಾಲಾನ ಕೂದಲಾ ಸೈತ ಉದುರ್ಯಾವ!"

ಒಲೆಯ ಮುಂದಿದ್ದ ವಿದ್ಯಾವತಿ ಎದ್ದಳು. "ಎವ್ವಾ, ಕಾರ್ ಮನ್ಯಾಗ ಐತಿ. ಅವ್ರಿಗೆ ಏನೂ ಕಡಿಮಿ ಆಗಿಲ್ಲ. ಹೊಟ್ಟಿ ಇಳಸಾಕ ಸೈಕಲ್ ತಗೊಂಡಾರ. ಹದಿ..."

"ತವರಿಗೂ ಮುಚ್ಚಿಡ್ತಿ?" ಎಂದು ತಾಯಿ ಕಣ್ಣೊರೆಸಿಕೊಂಡಳು. "ಗಂಡ ಏನ ಹೇಳ್ತಾನೋ ಅದ ಖರೆ ನಿನಗ."

"ಹೌದು, ಖರೆನ. ಬ್ಯಾರೆ ಗುಣ ಏನರ ಇರ್ಲಿ, ನನ್ನ ಮುಂದ ಸುಳ್ಳ ಹೇಳಂಗಿಲ್ಲ ಅವ್ರು."

ಈ ಮಾತು ಪಡಸಾಲೆಯಲ್ಲಿ ಕೂತಿದ್ದ ಬಸಂತರಾಯನ ಕಿವಿಗೂ ಬಿತ್ತು. ಎದೆಯಲ್ಲಿ ಏನೋ ಚುಚ್ಚಿತು. ಮನೆಗೆ ಹೋದ ಮೇಲೆ ಹೇಳಿಬಿಡೋಣ, ಮುಂದಿನ ವಾರ, ಇಲ್ಲವೆ ದೀಪಾವಳಿ ಮುಗಿದ ಮೇಲೆ, ಎಂದು ಚುಚ್ಚಿದ ಜಾಗಕ್ಕೆ ಮುಲಾಮು ಹಚ್ಚಿಕೊಂಡ.

ಅಷ್ಟರಲ್ಲಿ ಮೈದುನ ಅಮಿತ ಬಂದು ಪಕ್ಕದಲ್ಲಿ ಕೂತ. ನಿಂಬೆಹಣ್ಣಿನ ವ್ಯಾಪಾರಿ, ಮಾತು ಕಡಿಮೆ. "ಮಾಮಾ, ಸೈಕಲ್‌ಗೆ ಎಷ್ಟ ಕೊಟ್ರಿ?" ಎಂದು ಮೆಲ್ಲಗೆ ಕೇಳಿದ.

ಬಸಂತರಾಯನಿಗೆ ಇಕ್ಕಟ್ಟು. ನಿಜ ಹೇಳಿದರೆ ಅಡುಗೆಮನೆಗೆ ಕೇಳುತ್ತದೆ. ಹೇಳದಿದ್ದರೆ ಇಷ್ಟು ದೂರ ತುಳಿದದ್ದು ದಂಡ. ದನದ ಪೇಟೆಯ ಉಪಾಯ ಹೊಳೆಯಿತು. ಅಲ್ಲಿ ಮಂದಿಗೆ ಗೊತ್ತಾಗದಂತೆ ಟವೆಲಿನ ಕೆಳಗೆ ಕೈಗೆ ಕೈ ಕೊಟ್ಟು ಬೆರಳು ಒತ್ತಿ ವ್ಯಾಪಾರ ಮುಗಿಸುತ್ತಾರೆ. ಅವನು ಮುಖ ಒರೆಸಿಕೊಳ್ಳಲು ಕೊಟ್ಟಿದ್ದ ಟವೆಲ್ ಹಾಸಿ, ಅಮಿತನ ಕೈ ಹಿಡಿದು ಮೊದಲು ಒಂದು ಬೆರಳು, ಆಮೇಲೆ ನಾಲ್ಕು ಬೆರಳು ಒತ್ತಿದ. ಅಮಿತನ ಮುಖ ಇಳಿದುಹೋಯಿತು. ಕಣ್ಣು ತೇವವಾಯಿತು. ಹುಡುಗ ದಂಗಾಗಿದ್ದಾನೆ ಎಂದುಕೊಂಡು ಬಸಂತರಾಯ ಮೀಸೆ ತಿರುವಿದ.

ಆದರೆ ಆ ವಿದ್ಯೆಯಲ್ಲಿ ಬೆರಳು ಹೇಳುವುದು ಅಂಕಿ ಮಾತ್ರ. ಅದು ನೂರೋ ಸಾವಿರವೋ ಲಕ್ಷವೋ ಎಂಬುದನ್ನು ಮುಂದೆ ನಿಂತ ಮಾಲು ನೋಡಿ ತಿಳಿದುಕೊಳ್ಳಬೇಕು. ಅಮಿತ ಗೋಡೆಗೆ ಒರಗಿದ ಮಾಲು ನೋಡಿದ. ಗಂಟೆ ಇಲ್ಲ, ಕ್ಯಾರಿಯರ್ ಇಲ್ಲ, ಟೈರು ನೋಡಿದರೆ ಬೆರಳಿನಷ್ಟು ದಪ್ಪ. ಒಳಗೆ ಹೋಗಿ ತಾಯಿಯ ಕಿವಿಯಲ್ಲಿ, "ಹದಿನಾಲ್ಕ ನೂರಂತ ಎವ್ವಾ. ಗುಜರಿದು" ಎಂದ.

ಊಟದ ಹೊತ್ತಿಗೆ ಆ ಮನೆಯಲ್ಲಿ ಕರುಣಾರಸವೇ ಹರಿಯಿತು. ಹೋಳಿಗೆಯ ಮೇಲೆ ಹೋಳಿಗೆ ಬಿತ್ತು. "ಉಣ್ರಿ ಅಳಿಯಾರ, ನಾಚ್ಕೋಬ್ಯಾಡ್ರಿ. ಎಲ್ಲಾರಿಗೂ ಬರ್ತಾವ ಇಂಥಾ ದಿನ" ಎಂದು ಹೊನ್ನವ್ವ ತುಪ್ಪ ಹೊಯ್ದಳು. ಇಂಥ ದಿನವೆಂದರೆ ಅಧಿಕ ಮಾಸವೆಂದು ತಿಳಿದ ಬಸಂತರಾಯ, "ಮೂರ ವರ್ಷಕ್ಕೊಮ್ಮೆ ಬರ್ತಾವಲ್ರಿ ಅತ್ತಿ" ಎಂದ. ಆ ಧೈರ್ಯಕ್ಕೆ ಹೊನ್ನವ್ವ ಮತ್ತೆ ಸೆರಗು ಕಣ್ಣಿಗೆ ಒತ್ತಿದಳು. ಅವನು ಹೊಟ್ಟೆ ಸಡಿಲ ಬಿಟ್ಟು ಪಡಸಾಲೆಯಲ್ಲಿ ಗೊರಕೆ ಹೊಡೆದ.

ಎಚ್ಚರವಾದದ್ದು ಟಿಣ್ ಟಿಣ್ ಸದ್ದಿಗೆ. ಕಣ್ಣುಜ್ಜಿಕೊಂಡು ಅಂಗಳಕ್ಕೆ ಬಂದ. ಅಂಗಳದ ನಡುವೆ ಒಂದು ಸೈಕಲ್ಲು ಸ್ಟ್ಯಾಂಡಿನ ಮೇಲೆ ಠೀವಿಯಿಂದ ನಿಂತಿತ್ತು. ಹಿಂದೆ ದೊಡ್ಡ ಕ್ಯಾರಿಯರ್, ಚಕ್ರಕ್ಕೆ ಮಡ್‌ಗಾರ್ಡ್, ಮುಂದೆ ಬುಟ್ಟಿ, ಹ್ಯಾಂಡಲಿಗೆ ಹಿತ್ತಾಳೆ ಗಂಟೆ, ಅದರ ಪಕ್ಕ ಕುಂಕುಮ ಹಚ್ಚಿದ ನಿಂಬೆಹಣ್ಣು. ಯಾರ ಸೈಕಲ್ಲಪ್ಪ ಎಂದು ಹತ್ತಿರ ಹೋದವನು ಬಗ್ಗಿ ಬೆರಳಿನಷ್ಟು ದಪ್ಪದ ಆ ಟೈರು ಮುಟ್ಟಿ ನೋಡಿದ.

"ನಿಮ್ಮದರಿ ಮಾಮಾ!" ಅಮಿತ ಖುಷಿಯಿಂದ ಗಂಟೆ ಬಾರಿಸಿದ. "ದುರಸ್ತಿ ಅಂಗಡಿಗೆ ಒಯ್ದಿದ್ನಿ. ಇವನ್ನೆಲ್ಲಾ ಹಾಕಾಕ ನಾಕೈದ ಕಡೆ ತೂತ ಹೊಡೀಬೇಕಾತು. ಎಂಥಾ ಪೊಳ್ಳ ಡಂಡಾರಿ ಇದು! ಬೆಣ್ಯಾಗ ಹೋದಂಗ ಹೋತು ಡ್ರಿಲ್ಲು. ಅಂಗಡ್ಯಾಂವ ಅಂದ, ಇದು ಕಬ್ಬಿಣ ಅಲ್ಲ, ಪ್ಲಾಸ್ಟಿಕ್ ಐತಿ, ಯಾರೋ ಮೋಸ ಮಾಡ್ಯಾರ ಅಂತ."

"ಉಂಗುರಾ ಮುಂದಿನ ಸಲ ಕೊಡೂಣು" ಎಂದಳು ಹೊನ್ನವ್ವ. "ಮೊದಲ ಅಳಿಯಾರ ಗಾಡಿ ಮನಷ್ಯಾರ ಗಾಡಿ ಆಗ್ಲಿ ಅಂದ್ನಿ."

ಬಸಂತರಾಯ ಆ ತೂತುಗಳ ಮೇಲೆ ಕೈಯಾಡಿಸಿದ. ಒಂದೊಂದು ತೂತೂ ಅವನ ಕರುಳಿಗೇ ಬಿದ್ದಂತಿತ್ತು. ಗಂಟಲಿನಿಂದ ಬಂದ ಕೂಗಿಗೆ ಓಣಿಯ ನಾಯಿಗಳು ಎದ್ದು ನಿಂತವು.

"ಲಕ್ಷಾ! ಒಂದ ಲಕ್ಷ ನಲವತ್ತ ಸಾವಿರ ಎಣಿಸಿ ಕೊಟ್ಟೇನಿ ಇದಕ್ಕ! ಕಾರ್ಬನ್ ಐತಿ ಇದು, ಕಾರ್ಬನ್!"

ಅಮಿತನ ಬೆರಳು ಗಂಟೆಯ ಮೇಲೆಯೇ ನಿಂತಿತು. ಆರತಿ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದ ವಿದ್ಯಾವತಿಯನ್ನು ಬಸಂತರಾಯ ನೋಡಿದ್ದು ಆಗಲೇ. ಕೂಗಿದ ಮಾತನ್ನು ಮರಳಿ ಬಾಯಿಗೆ ಹಾಕಿಕೊಳ್ಳುವಂತಿದ್ದರೆ ಹೋಳಿಗೆಯನ್ನೆಲ್ಲ ಕಕ್ಕಿ ಜಾಗ ಮಾಡುತ್ತಿದ್ದ.

"ನನ್ನ ಮುಂದ ಹದಿನಾಲ್ಕ ಸಾವಿರ ಅಂದಿದ್ರಿ" ಎಂದಳು ಆಕೆ.

"ಅದು... ಜಿಎಸ್‌ಟಿ ಬಿಟ್ಟು."

"ಹಂಗಾದ್ರ ಅಳಿಯಾರಿಗೆ ಬಡತನ ಏನೂ ಬಂದಿಲ್ಲ" ಎಂದು ಹೊನ್ನವ್ವ ಉಸಿರು ಬಿಟ್ಟಳು. "ಬರೇ ತಲಿ..." ಎಂದವಳು ಅಧಿಕ ಮಾಸ ನೆನಪಾಗಿ ಬಾಯಿ ಮುಚ್ಚಿಕೊಂಡಳು.

ವಿದ್ಯಾವತಿ ಬೈಯಲಿಲ್ಲ. ಬೈದಿದ್ದರೆ ಬಸಂತರಾಯನಿಗೆ ಎಷ್ಟೋ ಹಗುರಾಗುತ್ತಿತ್ತು. ತನ್ನ ಪರವಾಗಿ ತಾಯಿಯೊಂದಿಗೆ ವಾದಿಸಿದವಳ ಮುಖ ನೋಡಲು ಅವನಿಗೆ ನಿಜಕ್ಕೂ ನಾಚಿಕೆಯಾಯಿತು. ಆಕೆ ಅವನಿಗೆ ಆರತಿ ಮಾಡಿ, ಕುಂಕುಮ ಹಚ್ಚಿ, ಒಳಗೆ ಹೋಗಿ, ಹೋಳಿಗೆಯ ಡಬ್ಬಿ ಮತ್ತು ಬಟ್ಟೆಯ ಚೀಲ ತಂದು ಬುಟ್ಟಿಯಲ್ಲಿಟ್ಟಳು. ಆಮೇಲೆ ಸೀರೆಯ ನೆರಿಗೆ ಹಿಡಿದು ಕ್ಯಾರಿಯರ್ ಮೇಲೆ ಒಂದು ಬದಿಗೆ ಹತ್ತಿ ಕೂತುಬಿಟ್ಟಳು.

"ಇದೇನ ಇದು? ಬಸ್ಸಿಗೆ ಹೋಗೂಣು, ಇಳಿ" ಎಂದ ಬಸಂತರಾಯ.

"ಯಾಕ್ರಿ? ಲಕ್ಷದ ಗಾಡಿ ಇಟಗೊಂಡು ಬಸ್ಸಿಗೆ ಹೋದ್ರ ಮಂದಿ ಏನಂತಾರ? ನಡೀರಿ, ಪ್ಯಾಟಿ ನಡಬರಕ ನಡೀರಿ. ಬಸ್‌ಸ್ಟ್ಯಾಂಡ್‌ತನಾ ಎಲ್ಲಾರೂ ನೋಡ್ಲಿ."

ತುಳಿದ. ಆ ಬಿಗಿ ಚಡ್ಡಿಯಲ್ಲಿ, ಹಣೆಯ ಕುಂಕುಮದೊಡನೆ, ಹಿಂದೆ ಹೆಂಡತಿಯನ್ನು ಹೊತ್ತು ತುಳಿದ. ಎಲ್ಲೋ ಕಟಕ್ ಎಂದಿತು. ಡಂಡೆಯೋ ಮೊಣಕಾಲೋ ತಿಳಿಯಲಿಲ್ಲ. ಇಂಡಿಯ ಪೇಟೆಯಲ್ಲಿ ಚಹಾ ಕುಡಿಯುತ್ತಿದ್ದವರು ಕಪ್ಪು ಕೆಳಗಿಟ್ಟು ಎದ್ದು ನಿಂತರು. ಅವನು ಬೇಕೆಂದುಕೊಂಡಂತೆಯೇ ಎಲ್ಲರೂ ಬಾಯಿ ಬಿಟ್ಟು ನೋಡಿದರು.

"ತಲಿ ಯಾಕ ಬಗ್ಗಿಸ್ತೀರಿ?" ಹಿಂದಿನಿಂದ ವಿದ್ಯಾವತಿ ಬೆನ್ನಿಗೆ ತಿವಿದಳು. "ಗಂಟಿ ಬಾರಿಸ್ರಿ."

ಬಾರಿಸಿದ.

"ಜೋರಾಗಿ ಬಾರಿಸ್ರಿ, ಅಲ್ಲಿ ಇನ್ನೊಬ್ರು ನೋಡಿಲ್ಲ."