ರಾಮಲಿಂಗಪ್ಪನವರ ಒಂಬತ್ತು ಸಾಲು

ಚಚಡಿಯ ರಾಮಲಿಂಗಪ್ಪನವರ ಮನೆಯಲ್ಲಿ ಬೆಕ್ಕು ಕೂಡ ಅವರ ಅಪ್ಪಣೆಯಿಲ್ಲದೆ ಮಗ್ಗಲು ಬದಲಿಸುತ್ತಿರಲಿಲ್ಲ. (ಬೆಕ್ಕಿನ ಅಭಿಪ್ರಾಯ ಬೇರೆ ಇದ್ದೀತು.) ಹೆಂಡತಿ ರಾಯವ್ವ ರೊಟ್ಟಿಯನ್ನು ಎಷ್ಟು ಬಡಿಯಬೇಕು, ಮಗ ಶಟ್ಟೆಪ್ಪ ರುಮಾಲನ್ನು ಎಷ್ಟು ಸುತ್ತು ಸುತ್ತಬೇಕು, ಎಲ್ಲಕ್ಕೂ ಯಜಮಾನರ ಸಲಹೆ ಸಿದ್ಧ. ಬಿತ್ತುವ ಕೂರಿಗೆಯ ವಿಷಯಕ್ಕೆ ಮಾತ್ರ ಸಲಹೆಯಿರಲಿಲ್ಲ. ಅದನ್ನು ಅವರು ಯಾರ ಕೈಗೂ ಕೊಟ್ಟವರೇ ಅಲ್ಲ. ದಾರಿಬದಿಯ ಅವರ ಎರೆಹೊಲದಲ್ಲಿ ಜೋಳದ ಸಾಲುಗಳು ದಾರ ಎಳೆದಷ್ಟು ನೆಟ್ಟಗೆ. ಸವದತ್ತಿ ಸಂತೆಗೆ ಹೋಗುವವರು ನಿಂತು ನೋಡಿ ಮುಂದೆ ಹೋಗುತ್ತಿದ್ದರು.

೧೯೦೮ರ ಹಿಂಗಾರಿ ಬಿತ್ತನೆಯ ದಿನ, ಚಕ್ಕಡಿಯಿಂದ ಹೇಗೆ ಇಳಿಯಬೇಕೆಂದು ಮಗನಿಗೆ ತೋರಿಸಲು ಹೋಗಿ ಅವರು ಕಾಲು ಉಳುಕಿಸಿಕೊಂಡರು. ನೆಲದ ಹಸಿ ಆರುವಷ್ಟರಲ್ಲಿ ಬಿತ್ತಲೇಬೇಕು. ಅದಕ್ಕೂ ದೊಡ್ಡ ಫಜೀತಿಯೆಂದರೆ, ಸಂಗೊಳ್ಳಿಯ ಸೋಮಪ್ಪ ತನ್ನ ಮಗಳು ಕೆಂಪವ್ವನಿಗಾಗಿ ಶಟ್ಟೆಪ್ಪನನ್ನು ನೋಡಲು ಹದಿನೈದು ದಿನದಲ್ಲಿ ಬರುವವನಿದ್ದ. ವರನ ಮುಖಕ್ಕಿಂತ ಮೊದಲು ಅವನ ಮನೆಯ ಹೊಲ ನೋಡುವುದು ಸೋಮಪ್ಪನ ಪದ್ಧತಿ.

“ಕೂರಿಗಿ ಅವಗ ಕೊಡ್ರಿ,” ಎಂದಳು ರಾಯವ್ವ.

“ಇಪ್ಪತ್ನಾಕು ವರ್ಷದ ಕೂಸು ಅದು!”

“ಆ ವಯಸ್ಸಿಗೆ ನೀವು ಆ ಕೂಸಿನ ಅಪ್ಪ ಆಗಿದ್ರಿ.”

ಯಜಮಾನರು ಬದುವಿನ ಮೇಲೆ ಸಿಂಹಾಸನಾರೂಢರಾದರು. ಶಟ್ಟೆಪ್ಪ ಕೂರಿಗೆ ಹಿಡಿದ; ರಾಯವ್ವ ಹಿಂದೆ ನಡೆಯುತ್ತ ಅದರ ಬಟ್ಟಲಿಗೆ ಬೀಜ ಬಿಡತೊಡಗಿದಳು. ಹತ್ತು ಮಾರು ಹೋಗಿರಲಿಲ್ಲ, ಬದುವಿನಿಂದ ಗರ್ಜನೆ ಬಂತು: “ಒತ್ತಿ ಹಿಡಿಯೋ!”

ಯಜಮಾನರ ಕೈಯಲ್ಲೇ ಬೆಳೆದ ಎತ್ತುಗಳು ಆ ದನಿ ಕೇಳಿ ಭಕ್ತಿಯಿಂದ ಬದುವಿನ ಕಡೆ ತಿರುಗಿದವು. ಕೂರಿಗೆಯೂ ತಿರುಗಿತು. ಅದಕ್ಕೆ ಸಾಲು ಕೊರೆದು ಬೀಜ ಇಳಿಸುವ ಮೂರು ತಾಳು. ಒಮ್ಮೆ ವಾಲಿದರೆ ಮೂರು ಸಾಲು ಸೊಟ್ಟ. ಯಜಮಾನರು ಸುತ್ತಿಗೊಂದರಂತೆ ಮೂರು ಸಲ ಗರ್ಜಿಸಿದರು.

ರಾಯವ್ವ ಬೀಜದ ಉಡಿ ಕಟ್ಟಿಕೊಂಡೇ ಬದುವಿಗೆ ಬಂದಳು. “ಮಗಾ ನಿಮ್ಮ ಮಾತು ಕೇಳವಲ್ಲ ಅಂತ ನಿಮಗ ಸಿಟ್ಟು. ಎತ್ತು ಕೇಳಾಕ ಹತ್ತ್ಯಾವ, ಅದ ನಮಗ ತ್ರಾಸ ಆಗೇತಿ. ತಗೋರಿ, ಬಾಯಿಗೆ ಕೆಲಸ.” ಬುತ್ತಿಯ ಗಂಟನ್ನು ಮಡಿಲಿಗೆ ಹಾಕಿ ಹೋದಳು.

ಮುಂದಿನ ಪ್ರತಿಯೊಂದು ಸಲಹೆಯನ್ನೂ ಯಜಮಾನರು ರೊಟ್ಟಿಯ ಜೊತೆ ನುಂಗಿದರು. ಮಧ್ಯಾಹ್ನಕ್ಕೆ ಮೂವರ ಬುತ್ತಿ ಖಾಲಿಯಾಗಿತ್ತು.

ಜೋಳ ಮೊಳೆತಾಗ ಶಟ್ಟೆಪ್ಪನ ಸಾಲುಗಳು ಅಪ್ಪನವಕ್ಕಿಂತ ಒಂದು ಗುಲಗಂಜಿಯಷ್ಟು ಹೆಚ್ಚೇ ನೆಟ್ಟಗಿದ್ದವು. ಬದುವಿನ ಹತ್ತಿರ ಮಾತ್ರ ಒಂಬತ್ತು ಸಾಲು, ಕುಡಿದವನಂತೆ ಓಲಾಡಿದ್ದವು. ಸೋಮಪ್ಪ ಬಂದವನೇ ಅಲ್ಲಿ ನಿಂತು ಹುಬ್ಬು ಗಂಟಿಕ್ಕಿದ.

“ಹುಡುಗನ ಕೈ ನಡಗತೈತೇನ್ರಿ?”

ಶಟ್ಟೆಪ್ಪ ನೆಲ ನೋಡಿದ. ರಾಯವ್ವ ಗಂಡನ ಮುಖ ನೋಡಿದಳು. ಎತ್ತು, ಗಾಳಿ, ಬೀಜ ಎಂದು ಹತ್ತು ನೆವಗಳು ಯಜಮಾನರ ನಾಲಿಗೆಯ ತುದಿಗೆ ಬಂದು ನಿಂತವು. ಕುಂಟುತ್ತ ಮುಂದೆ ಬಂದು ಅವರು ಎದೆಯುಬ್ಬಿಸಿದರು.

“ಆ ಒಂಬತ್ತು ನನ್ನವು! ನಾ ಒದರಿದ್ದಕ್ಕ ಸೊಟ್ಟ ಆದವು. ನಾ ಬಾಯಿ ಮುಚ್ಚಿದ ಮ್ಯಾಲೆ ನನ್ನ ಮಗಾ ಹಾಕಿದ್ದು ಅಕಾ ನೋಡ್ರಿ, ಹೊಲದ ಆ ತುದಿ ತನಕ. ಅದರಾಗ ಒಂದು ಸೊಟ್ಟ ತೋರಸ್ರಿ ನೋಡೂನು!”

ಸಂತೆಗೆ ಹೊರಟಿದ್ದವರೆಲ್ಲ ದಾರಿಯಲ್ಲಿ ನಿಂತು ಕೇಳಿದರು. ಸೋಮಪ್ಪ ಹೊಲದ ಆ ತುದಿಯವರೆಗೆ ನಡೆದುಹೋಗಿ, ನೋಡಿ, ನಗುತ್ತ ಬಂದ.

“ಹುಡುಗ ಒಪ್ಪಿಗಿರಿ. ಆದರ ಒಂದು ಕರಾರು. ಮುಂದಿನ ವರ್ಷ ಬಿತ್ತಿಗಿ ದಿನ ನೀವು ಸಂಗೊಳ್ಳಿಗೆ, ನಮ್ಮ ಮನಿಗೆ ಉಣ್ಣಾಕ ಬರಬೇಕು.”

ಯಜಮಾನರು ಬಾಯಿ ತೆರೆಯುವ ಮೊದಲೇ ರಾಯವ್ವ ಉತ್ತರ ಕೊಟ್ಟಳು:

“ಎರಡು ದಿನ ಮೊದಲ ಕಳಸ್ತೇನ್ರಿ, ಅಣ್ಣಾರ.”